ಬಾಲವಿಲ್ಲದ ಬಾವ

ಸುದ್ದಿ ಎಂದರೆ ಏನು ಎಂದು ನನ್ನನ್ನು ಕೇಳಬೇಡಿ. ಅಬುಧಾಬಿಯ ಒಂದು ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಲಾಂಡ್ರಿ ಸೂಪರ್‌ವೈಸರ್ ಆಗಿದ್ದವನು ನಾನು. ನನಗೆ ಗೊತ್ತಿರುವುದು ಬೆಡ್‌ಶೀಟು. ಆದರೆ ಸುದ್ದಿ ಗೊತ್ತಿದ್ದ ಒಬ್ಬ ಮನುಷ್ಯನನ್ನು ಹತ್ತಿರದಿಂದ ನೋಡಿದ್ದೇನೆ. ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಇದಿನಬ್ಬರು. 2016ರ ಅಕ್ಟೋಬರಿನಲ್ಲಿ ನಮ್ಮವರು ಇನ್ನೂರ ಐವತ್ತಾರು ಜನ ಒಂದು ಸಾವಿನ ಸುದ್ದಿ ಓದಿದರು, ಮರುಗಿದರು, ಸುಳ್ಳೆಂದು ತಿಳಿದು ನಕ್ಕರು. ‘ಹಾಗಾದ್ರೆ ಸತ್ತದ್ದು ಯಾರು?’ ಎಂದು ಕೇಳಿದವರು ಇವರೊಬ್ಬರೇ. ಆ ಪ್ರಶ್ನೆ ನನ್ನ ಬಾಯಿಂದ ಬರಬೇಕಿತ್ತು. ಬರಲಿಲ್ಲ. ಆ ಸಿಟ್ಟು ನನಗೆ ನನ್ನ ಮೇಲೆ ಇವತ್ತಿಗೂ ಇದೆ.

ಇದಿನಬ್ಬರು ಸುರತ್ಕಲ್ ಕಡೆಯ ಬ್ಯಾರಿ. ನಾನು ಕಿನ್ನಿಗೋಳಿಯ ಕ್ರಿಶ್ಚಿಯನ್, ಹೆಸರು ನಾರ್ಬರ್ಟ್. ಅವರು ನನ್ನನ್ನು ‘ಪೊರ್ಬುಗಳೇ’ ಎನ್ನುವುದು, ನಾನು ಅವರನ್ನು ‘ಬ್ಯಾರಿಗಳೇ’ ಎನ್ನುವುದು ನಮ್ಮ ಊರಿನ ಮರ್ಯಾದೆ. ಅವರ ಕೆಲಸ ಟೈಪಿಂಗ್ ಸೆಂಟರಿನಲ್ಲಿ. ವೀಸಾದ ಅರ್ಜಿ, ಕೆಲಸದ ಪರವಾನಗಿಯ ಅರ್ಜಿ, ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಜಿ, ಎಲ್ಲವನ್ನೂ ಅರಬಿಯಲ್ಲಿ ಟೈಪ್ ಮಾಡಿಕೊಡುವ ಇಕ್ಕಟ್ಟಾದ ಅಂಗಡಿ. ಎರಡು ಕುರ್ಚಿ, ಒಂದು ಫೋಟೊಕಾಪಿ ಯಂತ್ರ, ಸದಾ ಗೊರಗುಡುವ ಒಂದು ಎಸಿ. ನಮ್ಮವರಲ್ಲಿ ಯಾರು ಬಂದರೂ, ಯಾರು ಹೋದರೂ, ಯಾರಿಗೆ ಮಗು ಹುಟ್ಟಿದರೂ, ಯಾರ ಕೆಲಸ ಹೋದರೂ ಅದರ ಕಾಗದ ಇವರ ಮೇಜಿನ ಮೇಲೆ ಹಾದುಹೋಗಲೇಬೇಕು. ಹೀಗೆ ಕೂತವನು ಒಂದೋ ಸಂತನಾಗಬೇಕು, ಇಲ್ಲವೇ ಪತ್ರಕರ್ತನಾಗಬೇಕು. ಸಂತನಾಗಲು ಇವರಿಗೆ ಪುರುಸೊತ್ತಿರಲಿಲ್ಲ.

1996ರಿಂದ ಹದಿನೆಂಟು ವರ್ಷ ಅವರು ಒಂದು ಹಾಳೆ ಹೊರಡಿಸಿದರು. ಕನ್ನಡದಲ್ಲಿ, ಕೈಬರಹದಲ್ಲಿ, ಎರಡೂ ಬದಿ. ಹೆಸರು ‘ಶುಕ್ರವಾರದ ಕಾಗದ’. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಇದು ಪತ್ರಿಕೆ ಅಲ್ಲ, ಗೆಳೆಯರಿಗೆ ಬರೆದ ಕಾಗದ’ ಎಂದಿರುತ್ತಿತ್ತು. ಪತ್ರಿಕೆಯಾದರೆ ಸರಕಾರದ ಲೈಸೆನ್ಸ್ ಬೇಕು, ಕಾಗದಕ್ಕೆ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗೆಳೆಯರು ಮುನ್ನೂರು ಜನ ಇದ್ದರು, ಅಷ್ಟೇ. ಪ್ರತಿ ಗುರುವಾರ ಸಂಜೆ ಮುನ್ನೂರು ಪ್ರತಿ ತೆಗೆದು, ಶುಕ್ರವಾರ ಬೆಳಿಗ್ಗೆ ಚರ್ಚಿನ ಗೇಟಿನಲ್ಲಿ ಕೆಲವು, ಮಸೀದಿಯ ಹೊರಗೆ ಕೆಲವು, ಗ್ರಾಸರಿಯ ಗೋಡೆಯಲ್ಲಿ ಒಂದು. ಮಿಕ್ಕಿದ್ದು ದುಬೈಗೆ ಹೋಗುವ ಯಾರದ್ದಾದರೂ ಕಾರಿನಲ್ಲಿ ಅಲ್ಲಿಯ ಊದ್ ಮೇಥಾ ಮುಟ್ಟುತ್ತಿತ್ತು.

ಅದರಲ್ಲಿ ದೇಶದ ಸುದ್ದಿ ಇಲ್ಲ, ವಿದೇಶದ ಸುದ್ದಿಯಂತೂ ಮಾಫಿ, ಅರಬರ ಮಾತಿನಲ್ಲಿ ಇಲ್ಲವೇ ಇಲ್ಲ. ಬಂದವರು, ಊರಿಗೆ ಹೊರಟವರು, ಕೋಣೆ ಬದಲಿಸಿದವರು, ಹೋಗಿಬಿಟ್ಟವರು. ಇಷ್ಟೇ. ಹೊರಟವರು ಎಂದರೆ ರಜೆಯಲ್ಲಿ ಹೊರಟವರು, ಹೋಗಿಬಿಟ್ಟವರು ಎಂದರೆ ಮತ್ತೆ ಬಾರದವರು. ಹೊಸಬರಿಗೆ ಈ ಎರಡರ ವ್ಯತ್ಯಾಸ ಗೊತ್ತಾಗದೆ, ಊರಿಗೆ ಹೊರಟ ಭಾವಮೈದುನನ ಹೆಸರು ನೋಡಿ ಎದೆ ಹಿಡಿದುಕೊಂಡವರೂ ಇದ್ದರು.

ಎಲ್ಲರೂ ಮೊದಲು ಓದುತ್ತಿದ್ದದ್ದು ‘ಊರಿಗೆ ಹೊರಟವರು’. ಯಾಕೆ, ಪ್ರೀತಿಗಾ? ಪಾರ್ಸೆಲಿಗೆ! ಇಂಥವನು ಇಂಥ ತಾರೀಖಿಗೆ ಹೊರಟಿದ್ದಾನೆ ಎಂದು ತಿಳಿದರೆ ಸಾಕು, ತಾಯಿಯ ಮೂಳೆನೋವಿನ ಎಣ್ಣೆ, ತಂಗಿಯ ಮಗುವಿನ ಹಾಲುಪುಡಿ, ಮಾವನ ಟಾರ್ಚು, ಎಲ್ಲವೂ ಅವನ ಕೋಣೆಯ ಬಾಗಿಲಿಗೆ. ನನ್ನ ತಂಗಿ ರೋಸಿಯ ಗಂಡ ಲಿಯೊನೆಲ್, ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿ ಇರುವವನು, ಒಮ್ಮೆ ಹನ್ನೊಂದು ಪಾರ್ಸೆಲು ಹೊತ್ತು, ತನ್ನ ಸ್ವಂತ ಅಂಗಿಗಳನ್ನೆಲ್ಲ ಮನೆಯಲ್ಲೇ ಬಿಟ್ಟು ಊರಿಗೆ ಹೋಗಬೇಕಾಯಿತು. ಮುಂದಿನ ವರ್ಷ ಟೈಪಿಂಗ್ ಸೆಂಟರಿಗೇ ಬಂದು ಕೈಮುಗಿದ.

“ಬ್ಯಾರಿಗಳೇ, ಈ ಸಲ ನನ್ನ ಹೆಸರು ಹಾಕ್ಬೇಡಿ ಮಾರಾಯ್ರೆ.”

“ನೀವು ಹೋಗುದು ಹೌದಾ ಅಲ್ವಾ?” ಎಂದರು ಇದಿನಬ್ಬರು.

“ಹೌದು.”

“ಹಾಗಾದ್ರೆ ಹಾಕ್ಲಿಕ್ಕೇ ಉಂಟು.”

ಲಿಯೊನೆಲ್ ಅವತ್ತಿನಿಂದ ಅವರನ್ನು ಕಂಡರೆ ಉರಿದು ಬೀಳುತ್ತಿದ್ದ. ಆದರೆ ಅವನ ತಾಯಿಗೆ ನಾಲ್ಕು ವರ್ಷ ಸಕ್ಕರೆ ಕಾಯಿಲೆಯ ಔಷಧ ಇಲ್ಲಿಂದ ತಪ್ಪದೆ ಮುಟ್ಟಿದ್ದೂ ಅದೇ ಪಟ್ಟಿ ನೋಡಿ, ಬೇರೆಯವರ ಚೀಲದಲ್ಲಿ. ಅದನ್ನು ಅವನು ಎಲ್ಲಿಯೂ ಹೇಳುವುದಿಲ್ಲ, ಬಿಡಿ.

ಹೆಸರು ಹಾಕುವ ಮೊದಲು ಇದಿನಬ್ಬರದ್ದು ಮೂರು ಪ್ರಶ್ನೆ. ಯಾರ ಮಗ? ಯಾವ ಮನೆ? ನಿಮಗೆ ಹೇಳಿದ್ದು ಯಾರು? ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳದೆ ಬರೆಯುತ್ತಿರಲಿಲ್ಲ. ಮನೆ ಎಂದರೆ ಬರೀ ಊರಿನ ಹೆಸರಲ್ಲ, ಗುರುತು ಬೇಕು. ಮಸೀದಿಯ ಹಿಂದೆಯೋ, ಸೋಡಾ ಅಂಗಡಿಯ ಬಲಕ್ಕೋ, ಅಂಗಳದಲ್ಲಿ ಬಿಂಬುಳಿ ಮರ ಇದೆಯೋ. “ಇದೆಂತ ಬ್ಯಾರಿಗಳೇ, ನೀವು ಸುದ್ದಿ ಬರೆಯುದಾ, ಜಾಗದ ಸರ್ವೆ ಮಾಡುದಾ?” ಎಂದು ನಾನು ರೇಗುತ್ತಿದ್ದೆ. “ನಮ್ಮಲ್ಲಿ ಒಂದು ಗಲ್ಲಿಗೆ ನಾಲ್ಕು ಮಹಮ್ಮದ್, ನಿಮ್ಮಲ್ಲಿ ಒಂದು ಬಸ್ಸಿಗೆ ಮೂರು ಡಿಸೋಜ. ಗುರುತು ಇಲ್ಲದಿದ್ರೆ ಅದು ಯಾರ ಸುದ್ದಿ?” ಎನ್ನುತ್ತಿದ್ದರು.

ನನ್ನ ಕೆಲಸ ಬಾಲ ಹಾಕುವುದು. ನಗಬೇಡಿ. ಇದಿನಬ್ಬರ ಅರಬಿಯಲ್ಲಿ ಒಂದು ಚುಕ್ಕೆ ತಪ್ಪಿರುವುದಿಲ್ಲ, ಆದರೆ ಕನ್ನಡದ ಮಹಾಪ್ರಾಣ ಅವರ ನಾಲಿಗೆಯಲ್ಲೂ ಇಲ್ಲ, ಪೆನ್ನಿನಲ್ಲೂ ಇಲ್ಲ. ಭ ಬರೆಯಬೇಕಾದಲ್ಲಿ ಬ, ಧ ಬರೆಯಬೇಕಾದಲ್ಲಿ ದ. ಅಕ್ಷರದ ಅಡಿಗೆ ಎಳೆಯುವ ಆ ಸಣ್ಣ ಗೀಟಿಗೆ ನಾವು ಬಾಲ ಎನ್ನುತ್ತಿದ್ದೆವು. ನನ್ನ ತಂದೆ ಕನ್ನಡ ಮೇಷ್ಟ್ರು. ತಪ್ಪು ಕಂಡರೆ ನನಗೆ ಮೈ ಪರಚಿಕೊಳ್ಳುವ ಹಾಗೆ ಆಗುತ್ತದೆ. ಮೊದಲನೇ ವರ್ಷದ ಒಂದು ಹಾಳೆಯಲ್ಲಿ ‘ಗಣ್ಯರೊಬ್ಬರು ಊರಿನ ಶಾಲೆಗೆ ದನಸಹಾಯ ಮಾಡಿದರು’ ಎಂದು ಬಂದಿತ್ತು. ಶಾಲೆಗೆ ದನ ಯಾಕೆ ಎಂದು ಜನ ಕೇಳಿದರು. ಗಣ್ಯರಂತೂ ಮೂರು ತಿಂಗಳು ಮುಖ ತಪ್ಪಿಸಿದರು. ಆ ಶುಕ್ರವಾರವೇ ನಾನು ಪೆನ್ನು ಹಿಡಿದು ಟೈಪಿಂಗ್ ಸೆಂಟರಿಗೆ ಹೋದವನು, ಹದಿನೆಂಟು ವರ್ಷ ಪ್ರತಿ ಗುರುವಾರ ಬಾಲ ಹಾಕಿದೆ.

2014ರಲ್ಲಿ ರಯಾನ್ ಬಂದ. ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದ ಹುಡುಗ, ಇಪ್ಪತ್ತೆಂಟರ ಪ್ರಾಯ, ಒಳ್ಳೆಯವನೇ. ‘ಕರಾವಳಿ ಫ್ಯಾಮಿಲಿ’ ಎಂಬ ವಾಟ್ಸಾಪ್ ಗ್ರೂಪ್ ಮಾಡಿದ. ಇಲ್ಲಿಯವರು, ದುಬೈಯವರು, ಊರಿನವರು ಎಲ್ಲ ಸೇರಿ ಬರಬರುತ್ತ ಇನ್ನೂರ ಐವತ್ತಾರು ಜನ. ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲವಂತೆ. “ಅಂಕಲ್, ನಿಮ್ಮ ಪೇಪರಿಗೆ ಏಳು ದಿನ ಬೇಕು, ನಮ್ದಕ್ಕೆ ಏಳು ಸೆಕೆಂಡ್ ಸಾಕು,” ಎಂದ. ಅದು ಸುಳ್ಳೂ ಅಲ್ಲ. ಗ್ರಾಸರಿಯವನು ಗೋಡೆಯಿಂದ ಕಾಗದ ತೆಗೆದು ಮೊಬೈಲ್ ರೀಚಾರ್ಜಿನ ಪೋಸ್ಟರ್ ಹಚ್ಚಿದ. ಮುನ್ನೂರು ಪ್ರತಿ ಎಂಬತ್ತಾಯಿತು, ಎಂಬತ್ತು ಮೂವತ್ತಾಯಿತು. ಕೊನೆಯ ಹಾಳೆಯಲ್ಲಿ ಇದಿನಬ್ಬರು ತಮ್ಮ ಕಾಗದವನ್ನೇ ‘ಹೋಗಿಬಿಟ್ಟವರು’ ಅಡಿಯಲ್ಲಿ ಹಾಕಿದರು. ಓದಿ ನಕ್ಕವರು ಹತ್ತು ಜನ ಇರಬಹುದು.

ನಿಲ್ಲಿಸಿದ ಮೇಲೆ ಎಲ್ಲರಿಗೂ ಅಭಿಮಾನ ಉಕ್ಕಿತು. ನಮ್ಮವರ ಕ್ರಮವೇ ಹಾಗೆ. ಇರುವಾಗ ಅನ್ನ ಇಲ್ಲ, ಹೋದ ಮೇಲೆ ಪಾಯಸ. ಸನ್ಮಾನ ಮಾಡಿದರು, ಶಾಲು, ಪೇಟ, ಹಣ್ಣಿನ ಬುಟ್ಟಿ. ಊರಿನ ಒಂದು ವೆಬ್‌ಸೈಟಿನಲ್ಲಿ ಸಮಾರಂಭದ ಇನ್ನೂರು ಫೋಟೊ ಬಂತು. ಇನ್ನೂರರಲ್ಲಿ ಒಂದಕ್ಕೂ ಹೆಸರಿಲ್ಲ. ಅಡಿಯಲ್ಲಿ ‘ಹಿರಿಯ ಪತ್ರಕರ್ತರೊಂದಿಗೆ ಗಣ್ಯರು’ ಎಂದಷ್ಟೇ. ಅದರಲ್ಲಿ ಪತ್ರಕರ್ತ ಯಾರು, ಗಣ್ಯ ಯಾರು, ಶಾಮಿಯಾನ ಹಾಕಿದವನು ಯಾರು ಎಂದು ದೇವರೇ ಹೇಳಬೇಕು.

ಆಮೇಲಿನ ಎರಡು ವರ್ಷ ನಾವೆಲ್ಲ ಬಹಳ ತಿಳಿದವರಾದೆವು. ಅಮೆರಿಕದಲ್ಲಿ ಚುನಾವಣೆ, ಯಾವ ರಾಜ್ಯದಲ್ಲಿ ಯಾರಿಗೆ ಎಷ್ಟು ಎಂದು ನಮ್ಮ ಲಾಂಡ್ರಿಯ ಇಸ್ತ್ರಿಯವನಿಗೂ ಬಾಯಿಪಾಠ. ಹಿಂದಿನ ಗಲ್ಲಿಯಲ್ಲಿ ಮೆಸ್ ನಡೆಸುತ್ತಿದ್ದ ಬಾವ ಎಂಬವನು ಈಗ ಎಲ್ಲಿದ್ದಾನೆ ಎಂದರೆ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಹತ್ತು ಹನ್ನೆರಡು ವರ್ಷ ಅವನ ಕೈಯ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಂಡವನು ನಾನು. ‘ಪೊರ್ಬುಗಳಿಗೆ ತಲೆಯ ತುಂಡು’ ಎಂದು ಎತ್ತಿ ಇಡುತ್ತಿದ್ದ. ಕಾಗದ ನಿಂತ ಮೇಲೆ ಆ ಹಳೆ ಕಟ್ಟಡ ಕೆಡವಿದಾಗ ಮೆಸ್ ಮುಚ್ಚಿತು, ಅವನು ಎಲ್ಲಿಗೋ ಹೋದ. ಮೊದಲಾದರೆ ‘ಕೋಣೆ ಬದಲಿಸಿದವರು’ ಅಡಿಯಲ್ಲಿ ಓದುತ್ತಿದ್ದೆ. ಈಗ ಕಾಗದವೂ ಇಲ್ಲ, ಕೇಳುವ ಬುದ್ಧಿ ನನಗೂ ಬರಲಿಲ್ಲ.

ಅಕ್ಟೋಬರ್ ಎಂಟು, ಶನಿವಾರ. ಮಧ್ಯಾಹ್ನ ಮೂರು ಗಂಟೆಯಿಂದ ನನ್ನ ಫೋನು ಬಡಿದುಕೊಳ್ಳತೊಡಗಿತು. ನನ್ನದು ಹಳೆಯ ಗುಂಡಿಯ ಫೋನು. ವಾಟ್ಸಾಪ್ ಗೀಟ್ಸಾಪ್ ನನಗೆ ಬೇಡ. “ನಾರ್ಬರ್ಟ್, ಧೈರ್ಯ ತಂದುಕೊಳ್ಳಿ.” “ದೇವರು ಕೊಟ್ಟ, ದೇವರು ತಕೊಂಡ.” ಏನಾಯಿತು ಮಾರಾಯ್ರೆ ಎಂದರೆ, “ನಿಮ್ಮ ಭಾವ ತೀರಿಹೋದ್ರಂತಲ್ಲ!” ಲಿಯೊನೆಲ್! ರೋಸಿಗೆ ಯಾರು ಹೇಳುವುದು? ಅವನ ನಂಬರು ಒತ್ತಿದೆ.

“ಹಲೋ,” ಎಂದ ಲಿಯೊನೆಲ್.

“ಯಾರು?” ಎಂದೆ ನಾನು.

“ಯಾರು ಅಂದ್ರೆ? ನಾನೇ! ಮಧ್ಯಾಹ್ನದಿಂದ ನಲ್ವತ್ತು ಫೋನು! ಒಬ್ಬ ನನ್ನ ಹತ್ರವೇ ಕೇಳ್ತಾನೆ, ಬಾಡಿ ಊರಿಗೆ ಕಳಿಸುದಾ ಇಲ್ಲೇ ಮಾಡುದಾ ಅಂತ! ಯಾವ ಕತ್ತೆ ಮಾರಾಯ ಇದನ್ನು ಹಾಕಿದ್ದು?”

ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಊರಿನಲ್ಲಿ ಲಿಯೊನೆಲ್‌ನ ಸೋದರತ್ತೆ ಆಗಲೇ ಪಾದ್ರಿಗಳಿಗೆ ಹೇಳಿ ಮರುದಿನದ ಪೂಜೆ ನಿಗದಿ ಮಾಡಿದ್ದಳು. ಗ್ರೂಪಿನಲ್ಲಿ ಬಂದ ಸಾಲನ್ನು ಲಿಯೊನೆಲ್ ನನಗೆ ಓದಿ ಹೇಳಿದ. ‘ನಾರ್ಬರ್ಟ್ ಬಾವ ಎಕ್ಸ್‌ಪೈರ್ಡ್. ಪ್ಲೀಸ್ ಇನ್‌ಫಾರ್ಮ್ ಫ್ಯಾಮಿಲಿ.’ ಇಂಗ್ಲಿಷ್ ಅಕ್ಷರಗಳಲ್ಲಿ. ಹಾಕಿದವಳು ಶಾರನ್ ಎಂಬ ಹುಡುಗಿ, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ವಾರ್ಡ್ ಕ್ಲರ್ಕ್. ನಾನು ರಯಾನ್‌ಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನು ಏಳು ಸೆಕೆಂಡಿನಲ್ಲಿ ‘ಫೇಕ್ ನ್ಯೂಸ್. ಲಿಯೊನೆಲ್ ಅಂಕಲ್ ಚೆನ್ನಾಗಿದ್ದಾರೆ. ಯಾರೂ ಫಾರ್ವರ್ಡ್ ಮಾಡಬೇಡಿ, ಡಿಲೀಟ್ ಮಾಡಿ’ ಎಂದು ಹಾಕಿದ, ಶಾರನ್‌ಳನ್ನು ಗ್ರೂಪಿನಿಂದ ಹೊರಗೆ ಹಾಕಿದ. ಜನ ಲಿಯೊನೆಲ್‌ಗೆ ನೂರು ವರ್ಷ ಆಯಸ್ಸು ಹಾರೈಸಿದರು. ಖಲಾಸ್. ವಿಷಯ ಮುಗಿಯಿತು.

ಮುಂದಿನ ಶುಕ್ರವಾರ ಇದನ್ನು ಹೇಳಿ ನಗಿಸಲೆಂದೇ ನಾನು ಟೈಪಿಂಗ್ ಸೆಂಟರಿಗೆ ಹೋದೆ. ಚಾ ಕುಡಿಯುತ್ತ, ಲಿಯೊನೆಲ್‌ನ ಹಾಗೇ ಕೂಗಿ, ಸೋದರತ್ತೆಯ ಪೂಜೆಯ ಕತೆಯನ್ನೂ ಸೇರಿಸಿ ಹೇಳಿದೆ. ಇದಿನಬ್ಬರು ನಗಲಿಲ್ಲ.

“ಆ ಹುಡುಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುದಲ್ವಾ ಪೊರ್ಬುಗಳೇ?”

“ಹೌದು.”

“ಆಸ್ಪತ್ರೆಯವಳು ಸುಮ್ಮನೆ ಯಾಕೆ ಹಾಕ್ತಾಳೆ? ಲಿಯೊನೆಲ್ ಸಾಯ್ಲಿಲ್ಲ, ಸಂತೋಷ. ಹಾಗಾದ್ರೆ ಸತ್ತದ್ದು ಯಾರು?”

ನಾನು ಲೋಟ ಕೆಳಗಿಟ್ಟೆ. ಅವರು ಒಂದು ಚೀಟಿ ತೆಗೆದು ಕನ್ನಡದಲ್ಲಿ ಬರೆದರು. ‘ನಾರ್ಬರ್ಟ್, ಬಾವ ತೀರಿಕೊಂಡ.’ ಬ. ಬಾಲ ಇಲ್ಲದ ಬ. ನನ್ನ ಹೆಸರಿನ ಮುಂದೆ ಒಂದು ಅಲ್ಪವಿರಾಮ. ಅದು ನನ್ನ ಭಾವನ ಸುದ್ದಿಯಲ್ಲ. ಮೆಸ್ಸಿನ ಬಾವನ ಸುದ್ದಿ, ನನಗೆ ಹೇಳಿದ್ದು. ಅಯ್ಯೋ ದೇವರೇ, ಹದಿನೆಂಟು ವರ್ಷ ಬಾಲ ಹಾಕಿದವನು ನಾನು. ಇಂಗ್ಲಿಷ್ ಅಕ್ಷರದಲ್ಲಿ ಬಾಲ ಕಾಣುವುದಿಲ್ಲ ಎಂದು ನನಗೇ ಹೊಳೆಯಲಿಲ್ಲ!

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋಗಿ ಶಾರನ್‌ಳನ್ನು ಕಂಡೆವು. ಪಾಪದ ಹುಡುಗಿ, ನಮ್ಮನ್ನು ನೋಡಿಯೇ ಹೆದರಿದಳು.

“ಸಾರಿ ಅಂಕಲ್, ಐ ಡಿಡಂಟ್ ಮೀನ್... ಆ ಅಜ್ಜ ರಸ್ತೆಯಲ್ಲಿ ಬಿದ್ದಿದ್ರು, ಆಂಬುಲೆನ್ಸಿನಲ್ಲಿ ತಂದದ್ದು. ಕಾಗದ ಎಂತದ್ದೂ ಇರ್ಲಿಲ್ಲ. ನಾನು ತುಳು ಮಾತಾಡುದು ಕೇಳಿ ಕೈ ಹಿಡ್ಕೊಂಡ್ರು. ‘ಹೋಟೆಲಿನ ನಾರ್ಬರ್ಟ್‌ಗೆ ಹೇಳು ಮಗಾ, ಬಾವ ಇಲ್ಲಿದ್ದಾನೆ ಅಂತ.’ ನಂಬರ್ ಗೊತ್ತಿರ್ಲಿಲ್ಲ. ಮಧ್ಯಾಹ್ನ ತೀರಿಹೋದ್ರು. ಅದಕ್ಕೇ ಗ್ರೂಪಿಗೆ ಹಾಕಿದೆ. ಎಲ್ಲರೂ ಬೈದ್ರು, ರಿಮೂವ್ ಮಾಡಿದ್ರು. ಮತ್ತೆ ಯಾರಿಗೆ ಹೇಳುದು?”

ಶವಾಗಾರದಲ್ಲಿ ನಾನು ಅವನ ಮುಖ ನೋಡಿದೆ. ಬಾವನೇ. ಗಡ್ಡ ಪೂರಾ ಬಿಳಿಯಾಗಿತ್ತು, ಎಡಗೈಯ ಹಳೆಯ ಸುಟ್ಟ ಗಾಯ ಹಾಗೇ ಇತ್ತು. ನನ್ನನ್ನು ಕರೆದಿದ್ದ; ನಾನು ಆ ಹೊತ್ತಿಗೆ ಹೋಟೆಲಿನಲ್ಲಿ ದಿಂಬಿನ ಚೀಲ ಎಣಿಸುತ್ತಿದ್ದೆ. ಅಲ್ಲೇ ಗೋಡೆ ಹಿಡಿದು ಅತ್ತುಬಿಟ್ಟೆ. ಇದಿನಬ್ಬರು ನನ್ನ ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದರು.

ಅಲ್ಲಿಯ ಅಧಿಕಾರಿ ಮರ್ಯಾದೆಯಿಂದಲೇ ಕೇಳಿದ. ಪೂರ್ತಿ ಹೆಸರು? ಪಾಸ್‌ಪೋರ್ಟ್? ಊರಿನಲ್ಲಿ ಯಾರಿದ್ದಾರೆ? ಹತ್ತು ಹನ್ನೆರಡು ವರ್ಷ ಉಂಡಿದ್ದೇನೆ, ಅವನ ನಿಜವಾದ ಹೆಸರು ನನಗೆ ಗೊತ್ತಿಲ್ಲ! ಮಂಗಳೂರು ಕಡೆಯವನು ಎಂದೆ. ಅದು ಹತ್ತು ಲಕ್ಷ ಜನರ ವಿಳಾಸ. ಇನ್ನು ಗುರುವಾರದವರೆಗೆ ಸಮಯ ಇದೆ, ಅಷ್ಟರಲ್ಲಿ ಮನೆಯವರು ಸಿಗದಿದ್ದರೆ ಗುರುತಿಲ್ಲದವನೆಂದು ಬರೆದು ಮಣ್ಣು ಮಾಡಬೇಕಾಗುತ್ತದೆ ಎಂದ ಅವನು. ಊರಿನಲ್ಲಿ ಯಾರೋ ಒಬ್ಬರು ಅವನ ಫೋನು ಕಾಯುತ್ತ ಕೂತಿರುತ್ತಾರೆ, ಜೀವಮಾನ ಪೂರ್ತಿ ಕಾಯುತ್ತಾರೆ. ಅದೊಂದೇ ನಮ್ಮಿಬ್ಬರ ತಲೆಯಲ್ಲಿ ಕೊರೆಯುತ್ತಿದ್ದದ್ದು.

ಬಾವ ಉಳಿದುಕೊಂಡಿದ್ದ ಕೋಣೆಯನ್ನು ಇದಿನಬ್ಬರು ವಿಚಾರಿಸಿ ಹುಡುಕಿದರು. ಕೋಣೆಯವರು ಬಾಗಿಲು ಒಂದು ಗೇಣು ತೆರೆದು, “ಬಾವನಾ? ಯಾವ ಬಾವ? ನಮ್ಗೆ ಗೊತ್ತಿಲ್ಲ,” ಎಂದು ಮುಚ್ಚಿದರು. ವೀಸಾ ಮುಗಿದವನಿಗೆ ಜಾಗ ಕೊಟ್ಟವರು; ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು. ಅವರನ್ನು ದೂರಿ ಏನು ಪ್ರಯೋಜನ?

ರಯಾನ್‌ನನ್ನು ಹಿಡಿದು ಗ್ರೂಪಿನಲ್ಲಿ ಕೇಳಿಸಿದೆವು. ‘ಹಮ್ದಾನ್ ಸ್ಟ್ರೀಟಿನ ಮೆಸ್ಸಿನ ಬಾವ ಅವರ ಊರಿನ ವಿಳಾಸ ಯಾರಿಗಾದರೂ ಗೊತ್ತೇ?’ ಅರ್ಧ ಗಂಟೆಯಲ್ಲಿ ಅರವತ್ತು ಉತ್ತರ! ರಯಾನ್ ಒಂದೊಂದಾಗಿ ಓದಿ ಹೇಳಿದ. ‘ಯಾವ ಬಾವ?’ ‘ನನ್ನ ಭಾವ ಕುವೈತಿನಲ್ಲಿದ್ದಾರೆ.’ ‘ಲಿಯೊನೆಲ್ ಅಂಕಲ್ ಮತ್ತೆ ಸತ್ತರಾ?’ ‘ಆ ಮೆಸ್ಸಿನ ಬಂಗುಡೆ ಸೂಪರ್ ಇತ್ತು.’ ಒಬ್ಬ ಗುಲಾಬಿ ಹೂವಿನ ಶುಭೋದಯ ಹಾಕಿದ್ದ, ಸಂಜೆ ಐದು ಗಂಟೆಗೆ. ಇನ್ನೊಬ್ಬ ಅಮೆರಿಕದ ಚುನಾವಣೆಯ ಜೋಕು ಹಾಕಿದ. ಅದಕ್ಕೆ ಎಂಬತ್ತು ಜನ ನಕ್ಕರು. ಅಲ್ಲಿಗೆ ಬಾವನ ವಿಷಯ ಮೇಲೆ ಸರಿದುಹೋಯಿತು. ರಯಾನ್ ಮುಖ ಸಣ್ಣದು ಮಾಡಿಕೊಂಡು, “ಸಾರಿ ಅಂಕಲ್,” ಎಂದ.

“ನಿನ್ನ ತಪ್ಪಲ್ಲ ಮಗಾ,” ಎಂದರು ಇದಿನಬ್ಬರು. “ಎಲ್ಲರನ್ನೂ ಕೇಳಿದ್ರೆ ಯಾರನ್ನೂ ಕೇಳಿದ ಹಾಗಲ್ಲ.”

ಅವರು ಮೇಜಿನಡಿಯಿಂದ ನಾಲ್ಕು ಬಿಸ್ಕತ್ತಿನ ಡಬ್ಬಿ ಎಳೆದರು. ಹದಿನೆಂಟು ವರ್ಷದ ಕಾಗದದ ಮೂಲಪ್ರತಿಗಳು, ಸುಮಾರು ಒಂಬೈನೂರು ಹಾಳೆ. ಬಾವ ಬಂದದ್ದು ಯಾವ ವರ್ಷವೆಂದು ಇಬ್ಬರಿಗೂ ನೆನಪಿಲ್ಲ. ಭಾನುವಾರದಿಂದ ಶುರು ಮಾಡಿದೆವು. ಗಿರಾಕಿ ಬಂದಾಗ ಅವರು ವೀಸಾ ಟೈಪ್ ಮಾಡುವುದು, ನಾನು ಓದುವುದು. ಗಿರಾಕಿ ಹೋದ ಮೇಲೆ ಇಬ್ಬರೂ ಓದುವುದು. ಹೋಟೆಲಿಗೆ ಸೊಂಟನೋವು ಎಂದು ಸುಳ್ಳು ಹೇಳಿ ರಜೆ ಹಾಕಿದ್ದೆ, ಮಂಗಳವಾರದ ಹೊತ್ತಿಗೆ ಸೊಂಟನೋವು ನಿಜವಾಗಿಯೇ ಬಂತು. ಎಷ್ಟು ಜನ ಮಾರಾಯ್ರೆ ಆ ಹಾಳೆಗಳಲ್ಲಿ! ಬಂದವರು, ಹೊರಟವರು, ಹೋಗಿಬಿಟ್ಟವರು. ಈಗ ಅವರನ್ನೆಲ್ಲ ನೆನೆಯುವುದು ಆ ಡಬ್ಬಿ ಮಾತ್ರ.

ಬುಧವಾರ ಹನ್ನೊಂದು ಗಂಟೆಗೆ ಸಿಕ್ಕಿತು. 2002ರ ಜೂನ್ ತಿಂಗಳ ಹಾಳೆ. ‘ಬಂದವರು: ಮೊಯ್ದಿನಬ್ಬ, ಮೆಸ್ಸಿನಲ್ಲಿ ಬಾವ ಎಂದು ಕರೆಯುತ್ತಾರೆ. ಕಾಟಿಪಳ್ಳದ ದಿವಂಗತ ಹಸನಬ್ಬರ ಮಗ. ಸುಶೀಲಮ್ಮನವರ ಬೀಡಿ ಬ್ರಾಂಚಿನ ಹಿಂದಿನ ಮನೆ, ಬಾವಿಯ ಕಟ್ಟೆ ಅರ್ಧ ಒಡೆದಿದೆ.’ ‘ಬಾವ’ದ ಅಡಿಯಲ್ಲಿ ನಾನು ಅವತ್ತು ಬಾಲ ಎಳೆದಿದ್ದೆ, ‘ಇದು ಹೆಸರು, ಸಂಬಂಧ ಅಲ್ಲ’ ಎಂದು ಇದಿನಬ್ಬರು ಬೈದ ಮೇಲೆ ಬಿಳಿ ಶಾಯಿ ಹಚ್ಚಿ ಅಳಿಸಿದ್ದೆ. ಒಡೆದ ಬಾವಿಕಟ್ಟೆಯ ಮಾತನ್ನೂ ತೆಗೆಯಿರಿ ಎಂದು ಜಗಳವಾಡಿದ್ದೆ. ಪುಣ್ಯ, ಅವರು ತೆಗೆದಿರಲಿಲ್ಲ.

ಸುರತ್ಕಲ್‌ನಲ್ಲಿ ರಿಕ್ಷಾ ಓಡಿಸುವ ತಮ್ಮ ಸಂಬಂಧಿಯನ್ನು ಇದಿನಬ್ಬರು ಕಾಟಿಪಳ್ಳಕ್ಕೆ ಓಡಿಸಿದರು. ಕಟ್ಟಿದ ಬೀಡಿ ತೆಗೆದುಕೊಳ್ಳುವ ಆ ಬ್ರಾಂಚ್ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಆದರೆ ಸುಶೀಲಮ್ಮ ಇದ್ದರು, ಒಡೆದ ಕಟ್ಟೆಯ ಬಾವಿಯೂ ಇತ್ತು. ಮನೆಯಲ್ಲಿ ಇದ್ದದ್ದು ಬಾವನ ಮಗಳು ಜುಬೈದ. ರಿಕ್ಷಾದವನು ಫೋನನ್ನು ಅವಳ ಕೈಗೆ ಕೊಟ್ಟ. ಅಷ್ಟು ಅವಸರದಲ್ಲೂ ಇದಿನಬ್ಬರು ತಮ್ಮ ಪ್ರಶ್ನೆ ಬಿಡಲಿಲ್ಲ. ತಂದೆಯ ಹೆಸರು, ಅಜ್ಜನ ಹೆಸರು, ಎಡಗೈಯ ಸುಟ್ಟ ಗಾಯ. ಆಮೇಲೆ ಫೋನು ಸುಶೀಲಮ್ಮನಿಗೆ ಕೊಡಿಸಿ ಅವರ ಬಾಯಿಂದಲೂ ಅದನ್ನೇ ಕೇಳಿದರು. ಎರಡೂ ಒಂದೇ ಎಂದಾದ ಮೇಲೆ, “ಮಗಾ, ಸ್ವಲ್ಪ ಕೂತ್ಕೋ,” ಎಂದು ವಿಷಯ ಹೇಳಿದರು. ಆ ಕಡೆಯ ಅಳು ನನಗೆ ಈ ಕಡೆಯ ಕುರ್ಚಿಗೂ ಕೇಳಿಸಿತು.

ಅವಳು ಪಾಸ್‌ಪೋರ್ಟಿನ ಹಳೆಯ ಜೆರಾಕ್ಸು ಹುಡುಕಿ ರಯಾನ್‌ನ ಫೋನಿಗೆ ಕಳಿಸಿದಳು. ಆ ಒಂದು ವಿಷಯದಲ್ಲಿ ವಾಟ್ಸಾಪಿಗೆ ನನ್ನ ನಮಸ್ಕಾರ. ಇದಿನಬ್ಬರು ಅರ್ಜಿಗಳನ್ನೆಲ್ಲ ತಾವೇ ಟೈಪ್ ಮಾಡಿದರು. ಗುರುವಾರ ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಮೊಯ್ದಿನಬ್ಬ, ಹಸನಬ್ಬರ ಮಗ, ಕಾಟಿಪಳ್ಳ ಎಂದು ಪೂರ್ತಿ ಹೆಸರು ಬರೆಸಿಕೊಂಡು ಬಾವ ಬನಿಯಾಸಿನ ಕಬರಸ್ತಾನದ ಮಣ್ಣು ಸೇರಿದ. ನಾನು, ಇದಿನಬ್ಬರು, ರಯಾನ್, ರಜೆ ಹಾಕಿ ದುಬೈಯಿಂದ ಬಂದ ಲಿಯೊನೆಲ್, ಒಟ್ಟು ನಾಲ್ಕು ಜನ. “ನನ್ನ ಬದಲಿಗೆ ಹೋದವನು ಮಾರಾಯ, ಬಾರದೆ ಇರ್ಲಿಕ್ಕೆ ಆಗ್ತದಾ?” ಎಂದ ಲಿಯೊನೆಲ್. ಅವನ ಮೇಲಿದ್ದ ನನ್ನ ಹಳೆಯ ಸಿಟ್ಟೆಲ್ಲ ಅವತ್ತು ಇಳಿಯಿತು.

ಮೂರು ದಿನ ಬಿಟ್ಟು ಜುಬೈದ ಟೈಪಿಂಗ್ ಸೆಂಟರಿಗೆ ಫೋನ್ ಮಾಡಿದಳು. ನಾನು ಅಲ್ಲೇ ಇದ್ದೆ. ಇದಿನಬ್ಬರು ಸ್ಪೀಕರ್ ಹಾಕಿದರು. ಉಪಕಾರ ಆಯಿತು ಕಾಕ ಎಂದಳು. ಮನೆಯಲ್ಲಿ ಕುರಾನ್ ಓದಿಸುವುದಕ್ಕಿದೆ, ಉಪ್ಪ, ಅಂದರೆ ಅಪ್ಪ, ತೀರಿಹೋದ ದಿನ ಯಾವುದು ಎಂದು ಕೇಳಿದಳು.

“ಎಂಟನೇ ತಾರೀಖು ಮಗಾ. ಶನಿವಾರ.”

ಅವಳು ಆ ತಾರೀಖನ್ನು ತನ್ನಷ್ಟಕ್ಕೇ ಎರಡು ಸಲ ಹೇಳಿಕೊಂಡಳು.

“ಶನಿವಾರ ನಂಗೊಂದು ಮೆಸೇಜ್ ಬಂದಿತ್ತು ಕಾಕ,” ಎಂದಳು. “ನಾರ್ಬರ್ಟ್ ಅನ್ನುವವರ ಭಾವ ತೀರಿಹೋದ್ರು ಅಂತ. ಉಪ್ಪನಿಗೆ ಅಲ್ಲಿ ಬಾವ ಅಂತ ಕರೀತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಪಾಪ ಯಾರೋ ಅಂತ ನಾನೇ ನಾಲ್ಕು ಗ್ರೂಪಿಗೆ ಕಳಿಸಿದೆ. ಆಮೇಲೆ ಸುಳ್ಳು ಅಂತ ಬಂತು. ನಾನು... ಅಲ್‌ಹಮ್ದುಲಿಲ್ಲಾ ಅಂತ ಹಾಕಿದೆ ಕಾಕ. ಅದು ನನ್ನ ಉಪ್ಪನ ಸುದ್ದಿಯಾ?”

ಇದಿನಬ್ಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಅಲ್ಲ ಮಗಾ,” ಎಂದರು. “ಅದು ಬೇರೆ ಯಾರದ್ದೋ. ತಡಿ, ಕಾಗದ ನೋಡ್ತೇನೆ. ಹಾಂ, ಪ್ರಾಯ ಆಯ್ತಲ್ಲ, ನಂಗೆ ತಾರೀಖು ತಪ್ಪಿತು. ನಿನ್ನ ಉಪ್ಪ ಹೋದದ್ದು ಹನ್ನೊಂದಕ್ಕೆ, ಮಂಗಳವಾರ.”

“ನಿಜವಾ ಕಾಕ?”

“ನಿಜ. ನಾನು ವಿಚಾರಿಸದೆ ಹೇಳುವವನಲ್ಲ.”

ಅವಳ ಉಸಿರು ಸಡಿಲವಾದದ್ದು ನಮಗಿಬ್ಬರಿಗೂ ಕೇಳಿಸಿತು. ಫೋನ್ ಇಟ್ಟ ಮೇಲೆ ನಾನು ಮೆಲ್ಲಗೆ, “ಸರ್ಟಿಫಿಕೇಟಿನಲ್ಲಿ ಎಂಟು ಅಂತ ಉಂಟಲ್ಲ ಬ್ಯಾರಿಗಳೇ?” ಎಂದೆ.

“ಅದು ಅರಬಿಯಲ್ಲಿ ಉಂಟು,” ಎಂದರು ಅವರು. ಆಮೇಲೆ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತ, “ಗ್ರೂಪಿನಲ್ಲೂ ಮಂಗಳವಾರ ಅಂತಲೇ ಹಾಕಿಸಿ ಪೊರ್ಬುಗಳೇ,” ಎಂದರು.

ರಯಾನ್ ಹಾಕಿದ. ಏಳು ಸೆಕೆಂಡಿನಲ್ಲಿ ಅದು ಊರಿಡೀ ಮುಟ್ಟಿತು. ಇನ್ನೂರ ಐವತ್ತಾರು ಜನರಲ್ಲಿ ಒಬ್ಬರಾದರೂ ಹಾಗಾದ್ರೆ ಶನಿವಾರ ಸತ್ತದ್ದು ಯಾರು ಎಂದು ಕೇಳಲಿಲ್ಲ.